ಎಡಗಾಲಿನ ಸ್ಕೀ ಹೇಳಿದ ಸಾಕ್ಷಿ

"ಅಮ್ಮಾವ್ರೇ, ನಮ್ಮನೇಲಿ ಅಗಲೊತ್ನಲ್ಲೇ ಸದ್ದಾಯ್ತದೆ. ರಾತ್ರಿ ಆದ್ರೆ ಇಲಿ ಅನ್ಬೋದು, ಬೆಕ್ಕು ಅನ್ಬೋದು. ಇದು ಬಿಸ್ಲು ಇಳಿಯೋ ಒತ್ನಲ್ಲಿ, ಬೀಗ ಆಕಿರೋ ರೂಮಲ್ಲಿ."

ಇಷ್ಟು ಹೇಳಿ ಪಾರ್ವತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು. ಹೊಳೆನರಸೀಪುರದ ಕೋಟೆ ಬೀದಿಯಲ್ಲಿ ಅಂಬುಜಮ್ಮನವರ ಮನೆಯ ಜಗಲಿಯ ಕಂಬ ಹಿಡಿದು ನಿಂತಿದ್ದವರನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸುವಷ್ಟರಲ್ಲೇ ಕಾಫಿ ಆರಿಹೋಗಿತ್ತು. ಅಂಬುಜಮ್ಮ ಸರ್ಕಾರಿ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ತಾಲೂಕಿನಲ್ಲಿ ಏನು ಕಳೆದರೂ, ಯಾರ ಮೇಲೆ ಅನುಮಾನ ಬಂದರೂ ಜನ ಪೊಲೀಸರಿಗಿಂತ ಮೊದಲು ಇವರ ಜಗಲಿ ಹತ್ತುತ್ತಿದ್ದರು. ಜೊತೆಗೆ ಓಡಾಡುವ ಕೆಲಸ ಅವರ ಚಿಕ್ಕಪ್ಪನ ಮಗ, ಪಿ.ಟಿ. ಮೇಷ್ಟ್ರು ಸಂಪತ್ಕುಮಾರನದು. ಸ್ಕೂಟರ್ ಅವನದು, ಪೆಟ್ರೋಲ್ ಅವನದು, ಬೈಗುಳ ಮಾತ್ರ ಅಕ್ಕನದು.

ಆದರೆ ಆ ಶನಿವಾರ ಬೆಳಿಗ್ಗೆ ಅವನಿಗೆ ಯಾವ ತಮಾಷೆಯೂ ಬೇಕಿರಲಿಲ್ಲ. ಪಾರ್ವತಮ್ಮನ ಮಗಳು ಬಿಂದುಶ್ರೀಯನ್ನು ಹಿಮಕ್ಕೆ ಕಳಿಸಿದವನು ಅವನೇ.

"ಎಂಥ ಸದ್ದು?" ಎಂದು ಕೇಳಿದರು ಅಂಬುಜಮ್ಮ.

"ಟಕ್ ಅಂತ ಒಂದೇ ಒಂದು. ಆ ಜಾರೋ ಅಲಗೆ ಇಟ್ಟವಲ್ಲ, ಆ ರೂಮಿಂದ. ಆ ಇಮದ ಬೆಟ್ಟದಿಂದ ಯಾವ್ದೋ ಗಾಳಿ ಜೊತೇಲೇ ಬಂದ್ಬುಟ್ಟದೆ ಅಂತಾಳೆ ನಮ್ಮತ್ತಿಗೆ ಬೆಟ್ಟಮ್ಮ. ಹಳ್ಳಿಮೈಸೂರಿಂದ ಒಬ್ರನ್ನ ಕರ್ಸಿ ದಾರ ಕಟ್ಸಿದ್ದೂ ಆಯ್ತು. ನಿಲ್ಲಿಲ್ಲ. ಆ ಸದ್ದು ಕೇಳಿದ್ ತಕ್ಷಣ ನನ್ ಮಗ್ಳು ಗೋಡೆ ಕಡೀಕೆ ತಿರುಗ್ಬುಡ್ತಾಳೆ. ಆಮೇಲೆ ಅನ್ನ ಮುಟ್ಟಕಿಲ್ಲ."

"ನೀವು ಬಂದದ್ದು ಇದಿಷ್ಟಕ್ಕೇ ಅಲ್ಲ."

ಪಾರ್ವತಮ್ಮ ಸೆರಗು ಬಿಟ್ಟು ಮುಂದಕ್ಕೆ ಬಾಗಿದರು. "ಸೋಮವಾರ ಅವ್ಳು ಒಂದು ದೂರಿನ್ ಕಾಗ್ದಕ್ಕೆ ರುಜು ಆಕ್ತಾಳೆ. ತನ್ ಕಾಲು ಮುರ್ದೋನು ಕೀರ್ತಿರಾಜ ಅಂತ. ರುಜು ಬಿದ್ರೆ ಕೇಸಾಯ್ತದೆ, ಆ ಉಡ್ಗನ ಬದುಕು ಮುಗೀತು. ಅವ್ನೇ ಮಾಡಿದ್ರೆ ಆಗ್ಲಿ, ಬುಡಿ. ಆದ್ರೆ ನನ್ ಕೈಯಾರ ಬಡ್ಸಿ ಉಂಡೋನು ಅವ್ನು. ಮುಂದಿನ್ ವರ್ಸ ಅಳಿಯ ಆಗ್ಬೇಕಾಗಿದ್ದೋನು. ಮಾಡಿದ್ನಾ ಇಲ್ವಾ, ಅದೊಂದು ನಂಗೊತ್ತಾಗ್ಬೇಕು ತಾಯಿ."

ಹತ್ತು ವರ್ಷದ ಹಿಂದೆ ಕಾಶ್ಮೀರದ ಎನ್‌ಸಿಸಿ ಚಳಿಗಾಲದ ಶಿಬಿರಕ್ಕೆ ಹೊರಟಿದ್ದ ಹುಡುಗಿಯೊಬ್ಬಳಿಗೆ ಜ್ವರ ಬಂದು ಒಂದು ಜಾಗ ಖಾಲಿ ಉಳಿದಿತ್ತು. ಎನ್‌ಸಿಸಿ ನೋಡಿಕೊಳ್ಳುತ್ತಿದ್ದ ಸಂಪತ್ಕುಮಾರ ಹೆಚ್ಚು ಯೋಚಿಸದೆ ಸೈಕಲ್ ಶಾಪ್ ಮಂಚಯ್ಯನವರ ಮಗಳ ಹೆಸರು ಬರೆದ. ಹಿಮ ಅಂದರೆ ಕ್ಯಾಲೆಂಡರಿನ ಚಿತ್ರ ಎಂದುಕೊಂಡಿದ್ದ ಹುಡುಗಿ ವಾಪಸ್ಸು ಬಂದು, "ಸಾರ್, ಇಳಿಜಾರು ಸಿಕ್ಕಿದ್ರೆ ಸಾಕು, ನನ್ನ ಕಾಲು ತಾನೇ ಯೋಚ್ನೆ ಮಾಡುತ್ತೆ" ಎಂದಿದ್ದಳು. ಮುಂದಿನದು ಊರಿಗೆಲ್ಲ ಗೊತ್ತು. ಶಾಲೆಯ ಮೆಟ್ಟಿಲ ಮೇಲೆ ಒಂಟಿಕಾಲಿನ ಜಿಗಿತ, ಹೇಮಾವತಿ ನಾಲೆಯ ಏರಿಯ ಮೇಲೆ ಚಕ್ರದ ಬೂಟು ಕಟ್ಟಿಕೊಂಡು ಇಳಿತ, ಗಡಿ ಕಾಯುವ ಪಡೆಯಲ್ಲಿ ಕೆಲಸ, ಚಳಿಗಾಲವೆಲ್ಲ ಹಿಮದ ಮೇಲೆ. ಇಳಿಜಾರಿನಲ್ಲಿ ನೆಟ್ಟ ಕಂಬಗಳ ನಡುವೆ ಅಂಕುಡೊಂಕಾಗಿ ಜಾರಿ ಬರುವ ಜಯಂಟ್ ಸ್ಲಾಲಂ ಪಂದ್ಯದಲ್ಲಿ ಸತತ ನಾಲ್ಕು ವರ್ಷ ದೇಶಕ್ಕೇ ಮೊದಲಿಗಳು.

ಐದನೆಯ ವರ್ಷ, ಅಂದರೆ ಈ ಫೆಬ್ರವರಿಯಲ್ಲಿ, ಔಲಿಯ ಹಿಮದ ಇಳಿಜಾರಿನಲ್ಲಿ ಬಿದ್ದು ಅವಳ ಬಲಮೊಣಕಾಲು ಚೂರಾಯಿತು. ಇನ್ನು ಪಂದ್ಯದ ಮಾತು ಬೇಡ ಎಂದರು ವೈದ್ಯರು. ಅಂದಿನಿಂದ ಸಂಪತ್ಕುಮಾರ ಶಾಲೆಯ ಆ ಮೆಟ್ಟಿಲು ಬಿಟ್ಟು ಹಿಂಬಾಗಿಲಿನಿಂದ ಓಡಾಡುತ್ತಿದ್ದ. ಹಾಡುಹಗಲ ಬಿಸಿಲಲ್ಲಿ, ಯಾರೂ ಇಲ್ಲದ ಮೆಟ್ಟಿಲ ಮೇಲೆ ಒಂದೇ ಕಾಲಿನ ಸದ್ದು ಕೇಳಿಸುತ್ತದೆ ಎಂದು ಐವತ್ತು ದಾಟಿದ ಗಂಡಸು ಯಾರ ಹತ್ತಿರ ಹೇಳಿಕೊಳ್ಳಬೇಕು? ಅವನು ಅಕ್ಕನಿಗೂ ಹೇಳಿರಲಿಲ್ಲ.

ಮೂರು ಗಂಟೆಗೆ ಇಬ್ಬರೂ ಹಾಸನ ರಸ್ತೆಯ ಮಂಚಯ್ಯನವರ ಮನೆ ಮುಟ್ಟಿದರು. ಮುಂದೆ ಸೈಕಲ್ ಶಾಪು, ಹಿಂದೆ ಜಿಂಕ್ ಶೀಟಿನ ಮನೆ. ಮಂಚಯ್ಯ ಕೈ ಒರೆಸಿಕೊಳ್ಳುತ್ತ ಎದ್ದು ಬಂದವರು ನಮಸ್ಕಾರ ಮುಗಿಯುವುದಕ್ಕೆ ಮುಂಚೆಯೇ ಸ್ಕೂಟರಿನ ಕನ್ನಡಿ ಹಿಡಿದು ಅಲ್ಲಾಡಿಸಿದರು.

"ಇದು ಅಳ್ಳಾಡ್ತಾ ಅದೆ ಸಾ."

"ಅದು ಮೂರು ತಿಂಗಳಿಂದ ಹಾಗೇ ಇದೆ ಬಿಡಿ," ಎಂದ ಸಂಪತ್ಕುಮಾರ.

"ಬುಡಕಾಯ್ತದಾ? ಸಡ್ಲ ಇರೋದೇ ಜೀವ ತೆಗೆಯೋದು." ಜೇಬಿನಿಂದ ಸ್ಪ್ಯಾನರ್ ತೆಗೆದು ಬಿಗಿ ಮಾಡಿದರು. ಗಟ್ಟಿಯಾಯಿತು ಎಂದ ಮೇಲೂ ಅರ್ಧ ಸುತ್ತು ತಿರುಗಿಸಿದರು. "ಗುಂಡಯ್ಯ ಮೇಷ್ಟ್ರು ಮಗನ ಸೈಕಲ್ ನಟ್ಟು ಒಂದ್ಸಲ ಸಡ್ಲ ಬಿಟ್ಬುಟ್ಟೆ ಸಾ. ಮುಂದಿನ್ ಗಾಲಿ ಕಳ್ಚ್ಕೊಂಡು ಆ ಮಗೀನ ಕೈ ಮುರೀತು. ಇಪ್ಪತ್ತೆರಡ್ ವರ್ಸ ಆಯ್ತು. ಆವತ್ತಿಂದ ನನ್ ಕೈ ಮುಟ್ಟಿದ್ ಒಂದು ನಟ್ಟೂ ಸಡ್ಲ ಆಚೆಗೋಗಿಲ್ಲ."

ಆಮೇಲೆ ಮೊಬೈಲ್ ತೆಗೆದು ಹಿಂದಿನ ವರ್ಷದ ಒಂದು ಪಂದ್ಯದ ತುಣುಕು ತೋರಿಸಿದರು. ಬಿಳಿ ಇಳಿಜಾರು, ಕೆಂಪು ಅಂಗಿಯ ಬಿಂದುಶ್ರೀ ಓರೆಯಾಗಿ ತಿರುಗುತ್ತಾಳೆ, ಒಂದು ಹಲಗೆ ಕಾಲಿನಿಂದ ಹಾರಿಹೋಗುತ್ತದೆ, ಅವಳು ಜಾರುತ್ತ ಹೋಗಿ ಬಲೆಗೆ ತಾಗುತ್ತಾಳೆ, ಎದ್ದು ಮೈ ಕೊಡವುತ್ತಾಳೆ.

"ನೋಡಿ ತಾಯಿ. ಅಲಗೆ ಕಿತ್ಕೊಂಡು ಓಯ್ತು, ಇವ್ಳು ಬಿದ್ಲು. ಇಂಥವು ಮೂರ್ ನೋಡಿವ್ನಿ, ಮೂರ್ರಲ್ಲೂ ಅಂಗೇ. ಈ ಸಲ ಆ ಕೀರ್ತಿರಾಜ ಬೇಕು ಅಂತ್ಲೇ ಸಡ್ಲ ಮಾಡ್ಬುಟ್ಟ. ಇಸ್ಕ್ರೂ ತಿರುಗ್ಸವ್ರೆ ಅಂತ ತನಿಖೆ ಮಾಡ್ದ ದೊಡ್ಡೋರು ಬರ್ದಿರೋದು ಸುಳ್ಳಾ? ಅವ್ನ ಕೈ ಸೇದೋಗ." ಮಂಚಯ್ಯ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು.

ಅಂಬುಜಮ್ಮ ಆ ತುಣುಕನ್ನು ಇನ್ನೊಮ್ಮೆ ಹಾಕಿಸಿ ನೋಡಿ, ಒಳಗೆ ನಡೆದರು.

ಬಿಂದುಶ್ರೀ ಮಂಚದ ಮೇಲೆ ಕಾಲು ನೀಡಿ ಕೂತಿದ್ದಳು. ಗೋಡೆಯ ಮೇಲೆ ಸಾಲಾಗಿ ಹನ್ನೊಂದು ಮೊಳೆಗಳು. ಪದಕಗಳನ್ನು ಅವಳೇ ತೆಗೆಸಿ ಟ್ರಂಕಿಗೆ ಹಾಕಿಸಿದ್ದಳಂತೆ. ಬರೀ ಮೊಳೆಗಳನ್ನು ನೋಡುತ್ತ ದಿನ ಕಳೆಯುವುದು ಹೇಗೋ ಎಂದು ಸಂಪತ್ಕುಮಾರನಿಗೆ ಸಂಕಟವಾಯಿತು. ಅವನು ಮುಖ ತಪ್ಪಿಸಿದ. ಅವಳು, "ಬನ್ನಿ ಸಾರ್" ಎಂದಳು, ಅಷ್ಟೇ.

"ಏನಾಯ್ತು ಅಂತ ಬಾಯಲ್ಲಿ ಬೇಡ ಮಗು, ಕೈಯಲ್ಲಿ ತೋರಿಸು," ಎಂದರು ಅಂಬುಜಮ್ಮ. ಅವರ ಕ್ರಮವೇ ಅದು. ಬಾಯಿ ಕತೆ ಕಟ್ಟುತ್ತದೆ, ಕೈಗೆ ಆ ಬುದ್ಧಿ ಇಲ್ಲ ಎನ್ನುತ್ತಿದ್ದರು.

ಪಾರ್ವತಮ್ಮ ಪಕ್ಕದ ರೂಮಿನ ಬೀಗ ತೆಗೆದು ಹಲಗೆಗಳ ಜೋಡಿಯನ್ನು ತಂದು ಮಂಚದ ಮೇಲಿಟ್ಟು, ನಿಲ್ಲಲಾರದೆ ಆಚೆ ಹೋದರು. ಬಿಂದುಶ್ರೀ ಹಲಗೆಯ ನಡುವಿನ ಕಬ್ಬಿಣದ ಕಟ್ಟಿನ ಮೇಲೆ ಬೆರಳಿಟ್ಟಳು.

"ಬೂಟು ಇಲ್ಲಿ ಕೂತ್ಕೊಳ್ಳುತ್ತೆ ಮೇಡಂ. ಮುಂದೊಂದು, ಹಿಂದೊಂದು, ಸ್ಪ್ರಿಂಗ್ ಕಟ್ಟು. ಬಿದ್ದಾಗ ಕಾಲು ತಿರುಚೋಕೆ ಮುಂಚೆ ಇದು ಟಕ್ ಅಂತ ಬೂಟನ್ನ ಬಿಟ್ಟುಕೊಡ್ಬೇಕು. ಎಷ್ಟು ಜೋರು ಬಿದ್ರೆ ಬಿಡ್ಬೇಕು ಅನ್ನೋದನ್ನ ಈ ಸ್ಕ್ರೂ ತಿರುಗಿಸಿ ಇಡ್ತೀವಿ, ಪಕ್ಕದ ಕಿಂಡೀಲಿ ನಂಬರ್ ಕಾಣುತ್ತೆ. ನಂದು ಒಂಬತ್ತು. ಆವತ್ತು ಬಿದ್ದಮೇಲೆ ತನಿಖೆಯವ್ರು ಬಲಗಾಲಿಂದರ ಮೇಲಿದ್ದ ಕುಂಕುಮ ಕೆರೆದು ನೋಡಿದ್ರೆ ಹದಿನೈದು. ಯಾರೋ ಬಿಗಿ ಮಾಡಿದ್ರು. ಹಲಗೆ ಬಿಡ್ಲೇ ಇಲ್ಲ. ಅಷ್ಟುದ್ದದ ಹಲಗೆ ಹಿಮದಲ್ಲಿ ಸಿಕ್ಕಿ, ಎಳನೀರು ಗೊನೆಯಿಂದ ತಿರುಚಿದ ಹಾಗೆ ನನ್ನ ಮೊಣಕಾಲು ತಿರುಚ್ತು."

"ಮೊದಲ ಸುತ್ತಿನಲ್ಲಿ?"

"ಬೀಳ್ಲಿಲ್ಲ, ಬಿದ್ದಿದ್ದು ಎರಡನೇ ಸುತ್ತಲ್ಲಿ. ಬೀಳದಿದ್ರೆ ಗೊತ್ತಾಗಲ್ಲ. ಬೂಟು ಕೂರಿಸೋವಾಗ ಮಾತ್ರ ಯಾವತ್ತಿಗಿಂತ ಜೋರಾಗಿ ತುಳೀಬೇಕಾಯ್ತು. ಚಳಿಗೆ ಹಿಡ್ಕೊಂಡಿದೆ ಅಂದ್ಕೊಂಡೆ."

"ಒಂಬತ್ತು ಅಂತ ನೀನು ಕಣ್ಣಾರೆ ಕೊನೆಗೆ ನೋಡಿದ್ದು ಯಾವತ್ತು?"

"ಆಯುಧಪೂಜೆ ಬೆಳಿಗ್ಗೆ. ಇದು ಪಂದ್ಯಕ್ಕೆ ಮಾತ್ರ ಇಟ್ಟಿರೋ ಜೋಡಿ, ಅಭ್ಯಾಸಕ್ಕೆ ಬೇರೆ ಇದೆ. ಅವತ್ತು ಚೀಲದಿಂದ ತೆಗೆದು ನಾಲ್ಕೂ ಕಟ್ಟು ನೋಡಿದೆ. ಹಂಸನೂ ನೋಡಿದ್ಲು. ಯಾರಾದ್ರೂ ತಿರುಗಿಸಿದ್ರೆ ಗೊತ್ತಾಗ್ಲಿ ಅಂತ ಸ್ಕ್ರೂ ಮೇಲಿಂದ ಕಟ್ಟಿಗೆ ನೇಲ್ ಪಾಲಿಷ್ ಗೆರೆ ಎಳೆದೆ. ಸ್ನಾನ ಮಾಡಿ ಬರೋಷ್ಟ್ರಲ್ಲಿ ಪೂಜೆ ಆಗಿತ್ತು. ಬೇರೆ ವರ್ಷ ಹಲಗೆ ಮೂತಿಗೆ ಮಾತ್ರ ಕುಂಕುಮ ಇಡ್ತಿದ್ರು, ಈ ಸಲ ಕಟ್ಟಿಗೂ ಇಟ್ಟಿದ್ರು. ಗೆರೆ, ಕಿಂಡಿ ಎಲ್ಲ ಮುಚ್ಚಿಹೋಗಿತ್ತು."

ಕುಂಕುಮವೇನೂ ಸಾಮಾನ್ಯದ್ದಲ್ಲ. ಮಳೆಗೆ ಅಳಿಸಬಾರದೆಂದು ಜೇನುಮೇಣ ಕರಗಿಸಿ ಅದರಲ್ಲಿ ಅರಿಸಿನ ಕುಂಕುಮ ಕಲಸಿ ಹಚ್ಚುವುದು ಮಂಚಯ್ಯನವರ ಶಾಪಿನ ಪದ್ಧತಿ. ಊರಿನ ಅರ್ಧ ಸೈಕಲ್ಲುಗಳ ಹಣೆಯ ಮೇಲೆ ಅದು ವರ್ಷವಿಡೀ ಇರುತ್ತಿತ್ತು.

"ಕೀರ್ತಿರಾಜನ ಮೇಲೆ ಯಾಕೆ ಅನುಮಾನ?"

"ಅಂಚು ಮಸೆಯೋದು, ತಳಕ್ಕೆ ಮೇಣ ಹಾಕೋದು, ನನ್ನ ಸ್ಕೀ ನೋಡ್ಕೊಳ್ಳೋದೆಲ್ಲ ಅವ್ನೇ. ಪಂದ್ಯಕ್ಕೆ ನಾಕು ದಿನ ಇದ್ದಾಗ ಜಗಳ ಆಯ್ತು. ಈ ವರ್ಷಕ್ಕೆ ಸಾಕು, ಮದ್ವೆ ಆಗೋಣ ಅಂದ. ಇನ್ನೂ ಐದು ವರ್ಷ ಇಳೀತೀನಿ ಅಂದೆ ನಾನು. 'ನಿನ್ನ ನಿಲ್ಲಿಸೋಕೆ ಕಾಲೇ ಮುರೀಬೇಕು' ಅಂದ. ಸಿಟ್ಟಲ್ಲಿ ಅಂದಿದ್ದೇ ಇರ್ಬೋದು. ಆದ್ರೆ ಮುರೀತಲ್ಲ ಮೇಡಂ."

"ಹಂಸ?"

"ಹಾಸನದೋಳು, ನನ್ನ ಎನ್‌ಸಿಸಿ ಬ್ಯಾಚು. ನಾನು ಬಿದ್ದಿದ್ದಕ್ಕೆ ಅವ್ಳಿಗೆ ಚಿನ್ನ ಬಂತು. ನವೆಂಬರಲ್ಲಿ ರೈಲು ಹತ್ತೋಕೆ ಮುಂಚೆ ಈ ಜೋಡಿ ಎರಡು ದಿನ ಅವ್ಳ ಮನೇಲಿತ್ತು. ಯಾರನ್ನ ನಂಬೋದು ಹೇಳಿ."

ಆಗಲೇ ಕೇಳಿಸಿತು. ಖಾಲಿಯಾಗಿದ್ದ ಪಕ್ಕದ ರೂಮಿನಿಂದ, ಟಕ್. ಬಿಂದುಶ್ರೀ ಗೋಡೆಯ ಕಡೆ ತಿರುಗಿದಳು.

"ಆವತ್ತು ಈ ಸದ್ದಿಗೇ ಕಾಯ್ತಿದ್ದೆ," ಎಂದಳು ಗೋಡೆಗೆ. "ಬೀಳ್ತಾ ಬೀಳ್ತಾ ಈಗ ಬರುತ್ತೆ, ಈಗ ಬರುತ್ತೆ ಅಂತ. ಆವಾಗ ಬರ್ಲಿಲ್ಲ. ಈಗ ದಿನಾ ಬರ್ತಿದೆ."

ಅಂಬುಜಮ್ಮ ಆಚೆ ಹೋಗಿ ಮಾಡಿನ ಕಡೆ ಕಣ್ಣು ಹಾಯಿಸಿ ಬಂದರು. ಆಮೇಲೆ ಚೀಲದಿಂದ ಭೂತಗನ್ನಡಿ ತೆಗೆದು ಎಡಗಾಲಿನ ಹಲಗೆಯ ಕಟ್ಟನ್ನು ಬಹಳ ಹೊತ್ತು ನೋಡಿದರು.

"ಇದನ್ನು ಯಾರೂ ಕೆರೆದಿಲ್ವಾ?"

"ಇಲ್ಲ. ತನಿಖೆಯವ್ರಿಗೆ ಬಲಗಾಲಿಂದೇ ಸಾಕಾಯ್ತು."

"ಹಾಗೇ ಇರಲಿ. ನಾಳೆ ಮಧ್ಯಾಹ್ನದವರೆಗೆ ಯಾರೂ ಮುಟ್ಟಬೇಡಿ."

ಅಲ್ಲಿಂದ ಅರಕಲಗೂಡಿಗೆ. ಕೀರ್ತಿರಾಜ ಅಣ್ಣನ ಮನೆಯ ಹಿತ್ತಿಲಲ್ಲಿ ಸೌದೆ ಸೀಳುತ್ತಿದ್ದ. ತನಿಖೆ ಮುಗಿಯುವವರೆಗೂ ತಂಡಕ್ಕೆ ಸೇರಿಸುವುದಿಲ್ಲ ಎಂದು ಕಳಿಸಿಬಿಟ್ಟಿದ್ದರು. ಎರಡು ತಿಂಗಳಲ್ಲಿ ಹತ್ತು ವರ್ಷ ಜಾಸ್ತಿ ಆದವನ ಹಾಗೆ ಕಂಡ.

"ಆಯುಧಪೂಜೆ ದಿನ ನಾನು ಊಟದ ಹೊತ್ತಿಗೆ ಹೋಗಿದ್ದು ಮೇಡಂ. ಅಷ್ಟೊತ್ತಿಗೆ ಪೂಜೆ ಮುಗ್ದಿತ್ತು," ಎಂದ. "ಸ್ಕ್ರೂ ನಾನು ತಿರುಗಿಸಿಲ್ಲ. ಆದ್ರೆ ಪಂದ್ಯಕ್ಕೆ ಮುಂಚೆ ನಂಬರ್ ನೋಡೋದು ನನ್ನ ಕೆಲ್ಸ. ನೋಡ್ಲಿಲ್ಲ. ಅದಕ್ಕೆ ಏನ್ ಶಿಕ್ಷೆ ಕೊಟ್ರೂ ಕೊಡ್ಲಿ."

"ಯಾಕೆ ನೋಡಲಿಲ್ಲ?"

ಅವನು ಕೊಡಲಿ ಎತ್ತಿಕೊಂಡ. ಇಷ್ಟು ಮೊಂಡುತನ ಮಾಡುವವನು ತಪ್ಪಿತಸ್ಥನೇ ಇರಬೇಕು ಎಂದು ಸಂಪತ್ಕುಮಾರನಿಗೆ ಅನ್ನಿಸಿ, ಸಿಟ್ಟಿನಲ್ಲಿ ಸ್ಕೂಟರನ್ನು ಎರಡು ಸಲ ಹೆಚ್ಚಾಗಿಯೇ ಒದ್ದ. ಆ ಪ್ರಶ್ನೆಗೆ ಉತ್ತರ ಹಂಸಳ ಫೋನಿನಲ್ಲಿ ಸಿಕ್ಕಿತು.

"ಅವರು ಕುಂಕುಮ ಕೆರೆದು ನಂಬರ್ ನೋಡೋಕೆ ಹೋದರು ಮೇಡಂ. ನಾನೇ ಅಲ್ಲಿದ್ದೆ. ಬಿಂದು ಕೈ ಹಿಡಿದು ತಡೆದಳು. 'ಅಪ್ಪ ಇಟ್ಟ ಕುಂಕುಮ, ಇಳಿಯೋಕೆ ಮುಂಚೆ ತೆಗೆಯಬಾರದು' ಅಂದಳು. ತನಿಖೆಯಲ್ಲಿ ಅವರು ಇದನ್ನು ಹೇಳಲೇ ಇಲ್ಲ. ನನ್ನನ್ನು ಯಾರೂ ಕೇಳಲಿಲ್ಲ." ಕೊನೆಗೆ, "ಆ ಚಿನ್ನದ ಪದಕವನ್ನು ನಾನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ" ಎಂದಳು.

ಭಾನುವಾರ ಮೂರೂವರೆಗೆ ಎಲ್ಲರೂ ಬಿಂದುಶ್ರೀಯ ಮಂಚದ ಸುತ್ತ ಸೇರಿದರು. ಹಂಸ ಹಾಸನದಿಂದ ಬಸ್ಸಿನಲ್ಲಿ ಬಂದು ಬಾಗಿಲ ಬಳಿ ನಿಂತಳು. ಕೀರ್ತಿರಾಜ ಒಳಗೆ ಬಂದಾಗ ಮಂಚಯ್ಯ ಎದ್ದು ಹೋಗಲು ನೋಡಿದರು. ಪಾರ್ವತಮ್ಮ ಅವರ ತೋಳು ಹಿಡಿದು ಕೂರಿಸಿದರು. ತಲೆದಿಂಬಿನ ಪಕ್ಕದಲ್ಲಿ ಆ ಕಾಗದ, ಪೆನ್ನು.

"ಮೊದಲು ಆ ಸದ್ದು," ಎಂದರು ಅಂಬುಜಮ್ಮ. "ಪಕ್ಕದವರು ಮಹಡಿ ಕಟ್ಟಿ ಎಷ್ಟು ದಿನ ಆಯ್ತು?"

"ಓದ್ ದಸರೇಲಿ ಮುಗೀತು," ಎಂದರು ಪಾರ್ವತಮ್ಮ.

"ದಿನಾ ನಾಲ್ಕು ಗಂಟೆ ಸುಮಾರಿಗೆ ಅದರ ನೆರಳು ಆ ರೂಮಿನ ಶೀಟಿನ ಮೇಲೆ ಬೀಳುತ್ತೆ. ಕಾದ ಶೀಟು ತಣ್ಣಗಾಗಿ ಕುಗ್ಗಿದಾಗ ಮೊಳೆಯ ಹತ್ತಿರ ಟಕ್ ಅನ್ನುತ್ತೆ. ನಿನ್ನೆ ನಾವು ಕೇಳಿದಾಗ ಹಲಗೆಗಳು ಆ ರೂಮಿನಲ್ಲೇ ಇರಲಿಲ್ಲ, ಈ ಮಂಚದ ಮೇಲಿದ್ದವು. ಮೊದಲು ಆ ಹೊತ್ತಿನಲ್ಲಿ ಕಿವಿಗೊಟ್ಟು ಮನೆಯಲ್ಲಿ ಕೂತವರು ಯಾರೂ ಇರಲಿಲ್ಲ, ಅಷ್ಟೇ."

ಬೆಟ್ಟಮ್ಮನ ಗಾಳಿ ಅಲ್ಲಿಗೆ ಬಿಟ್ಟುಹೋಯಿತು.

ಅಂಬುಜಮ್ಮ ಎಡಗಾಲಿನ ಹಲಗೆಯನ್ನು ಮಡಿಲಿಗೆ ಎತ್ತಿಕೊಂಡರು. "ಬಲಗಾಲಿನದನ್ನು ತನಿಖೆಯವರು ಕೆರೆದು ಹಾಳು ಮಾಡಿದರು. ಇದು ಆಯುಧಪೂಜೆಯ ದಿನ ಹೇಗಿತ್ತೋ ಹಾಗೇ ಇದೆ. ಸಂಪತ್ತು, ಭೂತಗನ್ನಡಿ ಹಿಡಿದು ನೋಡಿ ಹೇಳು. ಮೇಣ ಸ್ಕ್ರೂವಿನ ತಲೆಯಿಂದ ಕಟ್ಟಿನವರೆಗೆ ಎಲ್ಲಾದರೂ ಬಿರುಕು ಬಿಟ್ಟಿದೆಯಾ?"

ಸಂಪತ್ಕುಮಾರ ಬಗ್ಗಿ ನೋಡಿದ. "ಇಲ್ಲ ಅಂಬುಜಕ್ಕ. ಒಂದೇ ಪದರ. ಮೇಣದೊಳಗೆ ಏನೋ ಹಳದಿ ಎಸಳಿದೆ."

"ಚೆಂಡುಹೂವಿನ ಎಸಳು. ಪೂಜೆಯ ಹೂವು. ಮೇಣ ಬಿಸಿ ಇದ್ದಾಗಲೇ ಸಿಕ್ಕಿಕೊಂಡದ್ದು. ಅಂದರೆ ಆಮೇಲೆ ಯಾರೂ ಇದನ್ನು ಕೆರೆದು ಹೊಸದಾಗಿ ಹಚ್ಚಿಲ್ಲ. ಈಗ ಕೀರ್ತಿರಾಜ, ನೀನೇ ಕೆರಿ."

ಅವನು ಉಗುರಿನಿಂದ ನಿಧಾನವಾಗಿ ಕೆರೆದ. ಕಿಂಡಿಯಲ್ಲಿ ಹದಿನೈದು ಕಾಣಿಸಿತು. ಸ್ಕ್ರೂವಿನ ಮೇಲಿನ ನೇಲ್ ಪಾಲಿಷ್ ಗೆರೆ ಒಂದು ಕಡೆ, ಕಟ್ಟಿನ ಮೇಲಿನ ಗೆರೆ ಇನ್ನೊಂದು ಕಡೆ.

"ಮೇಣ ಒಡೆಯದೆ ಸ್ಕ್ರೂ ತಿರುಗಿಸಲು ಆಗುವುದಿಲ್ಲ. ಮೇಣ ಒಡೆದಿಲ್ಲ, ಒಳಗಿನ ಗೆರೆ ಒಡೆದಿದೆ. ಹಾಗಾದರೆ ಗೆರೆ ಎಳೆದ ಮೇಲೆ, ಮೇಣ ಹಚ್ಚುವ ಮುಂಚೆ ತಿರುಗಿಸಿದ್ದಾರೆ. ಎಡಗಾಲಿಗೆ ಆದದ್ದೇ ಬಲಗಾಲಿಗೂ ಆಗಿದೆ, ಅದೂ ಹದಿನೈದೇ. ಹಂಸಳ ಮನೆಗೆ ಇವು ಹೋದದ್ದು ನವೆಂಬರಿನಲ್ಲಿ. ಅವಳಲ್ಲ. ಕೀರ್ತಿರಾಜ ಆವತ್ತು ಬಂದದ್ದು ಊಟದ ಹೊತ್ತಿಗೆ, ಮೇಣ ಗಟ್ಟಿಯಾದ ಮೇಲೆ. ಅವನೂ ಅಲ್ಲ. ನಡೆದದ್ದು ಬಿಂದು ಸ್ನಾನಕ್ಕೆ ಹೋಗಿದ್ದ ಆ ಅರ್ಧ ಗಂಟೆಯಲ್ಲಿ. ಹಂಸ, ಆಗ ನೀನೆಲ್ಲಿದ್ದೆ?"

"ಅಡುಗೆಮನೇಲಿ, ಅತ್ತೆ ಜೊತೆ ಹೋಳಿಗೆ ತಟ್ಟುತ್ತಿದ್ದೆ."

"ಊಂ ತಾಯಿ, ನನ್ ಪಕ್ಕದಲ್ಲೇ ಇದ್ಲು," ಎಂದರು ಪಾರ್ವತಮ್ಮ. ಅವರು ಗಂಡನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಸಂಪತ್ಕುಮಾರನಿಗೆ ಎಲ್ಲ ಹೇಳಿತು. ಸ್ಕೂಟರಿನ ಕನ್ನಡಿಗೆ ಬಿದ್ದ ಆ ಅರ್ಧ ಸುತ್ತು ಅವನಿಗೆ ನೆನಪಾಯಿತು. ಅಕ್ಕ ಇಲ್ಲಿಗೇ ನಿಲ್ಲಿಸಿದರೆ ಸಾಕು ಎಂದು ಬೇಡಿಕೊಂಡ. ಆದರೆ ಕಾಗದ ಅಲ್ಲೇ ಇತ್ತು, ಕೀರ್ತಿರಾಜನೂ ಅಲ್ಲೇ ಇದ್ದ.

"ಮಂಚಯ್ಯನವರೇ," ಎಂದರು ಅಂಬುಜಮ್ಮ, ತುಂಬ ಮೆತ್ತಗೆ. "ಆವತ್ತು ಪೂಜೆ ಹೇಗೆ ಮಾಡಿದಿರಿ? ಬಾಯಲ್ಲಿ ಬೇಡ, ಕೈಯಲ್ಲಿ ತೋರಿಸಿ."

ಮಂಚಯ್ಯ ಹಲಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಹೆಗಲ ವಸ್ತ್ರದಿಂದ ಒರೆಸಿದರು. ಬಲಗೈ ತಾನಾಗಿಯೇ ಜೇಬಿಗೆ ಹೋಗಿ ಸ್ಕ್ರೂಡ್ರೈವರ್ ತೆಗೆಯಿತು.

"ಪೂಜೆಗೆ ಮುಂಚೆ ಎಲ್ಲಾ ಬಿಗಿ ಮಾಡ್ಕೊಂಡೇ ಕುಂಕುಮ ಇಡೋದು ನಮ್ ಪದ್ಧತಿ," ಎಂದರು. "ಅವ್ಳು ಸಡ್ಲ ಇಟ್ಕೊಂಡಿದ್ಲು ತಾಯಿ, ಇನ್ನೂ ತಿರುಗ್ತಿತ್ತು. ಅದ್ಕೇ ಓದ್ ವರ್ಸ ಕಳ್ಚ್ಕೊಂಡು ಬಿದ್ದಿದ್ದು. ನಾಕೂ ಕೊನೇ ತಂಕ ತಿರುಗ್ಸಿ, ಆ ಕಟ್ಗೇ ಬಲ ಬರ್ಲಿ ಅಂತ ಅಲ್ಲಿಗೂ ಕುಂಕುಮ ಇಟ್ಟೆ. ನಾನ್ ಇಷ್ಟು ಗಟ್ಟಿ ಮಾಡಿ ಕೊಟ್ರೂ ಆಮೇಲೆ ಇವ್ನು..." ಮಾತು ತಡೆದು ಒಬ್ಬೊಬ್ಬರ ಮುಖ ನೋಡಿದರು. "ಯಾಕಿಂಗೆ ನೋಡ್ತೀರಿ ಎಲ್ಲಾರೂ?"

ಹೇಳಿದವಳು ಬಿಂದುಶ್ರೀಯೇ.

"ಅಪ್ಪ, ಅದು ಕಳಚ್ಬೇಕಾಗಿತ್ತು."

"ಕಳಚಿದ್ರೆ ಬೀಳ್ತಿದ್ದೆ ಕಣವ್ವ."

"ಬಿದ್ದಿದ್ದಕ್ಕೆ ಕಳಚ್ತಿತ್ತು ಅಪ್ಪ. ಕಳಚಿದ್ದಕ್ಕೇ ಪ್ರತಿ ಸಲಾನೂ ಎದ್ದು ಬರ್ತಿದ್ದೆ."

ಮಂಚಯ್ಯನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾಗುವುದನ್ನು ಎಲ್ಲರೂ ನೋಡುತ್ತ ಕೂರಬೇಕಾಯಿತು. ಸಂಪತ್ಕುಮಾರ ತನ್ನ ಜೀವನದಲ್ಲಿ ಅಷ್ಟು ಕಷ್ಟದ್ದನ್ನು ನೋಡಿರಲಿಲ್ಲ. ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು. ಅವರು ಎರಡೂ ಕೈಗಳನ್ನು ತಮ್ಮವಲ್ಲವೆಂಬಂತೆ ಮೈಯಿಂದ ದೂರ ಹಿಡಿದುಕೊಂಡು ಗೋಡೆಗೆ ಒರಗಿದರು.

"ನಿನ್ನೆ ಇವರು 'ಸಡ್ಲ ಮಾಡ್ದ' ಅಂದಾಗಲೇ ನನಗೆ ಹೊಳೆಯಿತು," ಎಂದರು ಅಂಬುಜಮ್ಮ, ಕೀರ್ತಿರಾಜನಿಗೆ. "ಕೇಡು ಬಯಸಿ ಬಿಗಿ ಮಾಡಿದವನಿಗೆ ಬಿಗಿಯೇ ಕೇಡು ಅಂತ ಗೊತ್ತಿರುತ್ತೆ. ಇವರಿಗೆ ಅದು ಗೊತ್ತೇ ಇಲ್ಲ. ಆ ತುಣುಕಿನಲ್ಲಿ ಹಲಗೆ ಹಾರಿದ್ದು ಅವಳು ಬೀಳತೊಡಗಿದ ಮೇಲೆ. ಸೈಕಲ್ ನೋಡಿದ ಕಣ್ಣಿಗೆ ಅದು ತಿರುವುಮುರುವಾಗಿ ಕಂಡಿದೆ. ಇಲ್ಲಿ ಅಪರಾಧಿ ಅನ್ನುವವರು ಯಾರೂ ಇಲ್ಲಪ್ಪ."

ಬಿಂದುಶ್ರೀ ಕಾಗದ ತೆಗೆದು ಕೀರ್ತಿರಾಜನ ಹೆಸರಿದ್ದ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿದಳು. ಕೆಳಗೆ ಬರೆದದ್ದನ್ನು ಗಟ್ಟಿಯಾಗಿ ಓದಿದಳು: "ಕುಂಕುಮ ಒರೆಸಲು ಬಿಡದವಳು ನಾನು. ಕಟ್ಟು ನೋಡಿಕೊಳ್ಳದೆ ಇಳಿದವಳು ನಾನು. ಬೇರೆ ಯಾರ ಮೇಲೂ ನನ್ನ ದೂರಿಲ್ಲ." ರುಜು ಹಾಕಿ, ತಲೆಯೆತ್ತದೆ ಕೇಳಿದಳು, "ನಾನು ಕೈ ಹಿಡಿದು ತಡೆದೆ ಅಂತ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಿನ್ನ ಕಾಲು ನೀನೇ ಮುರ್ಕೊಂಡೆ ಅಂದಂಗಾಗ್ತಿತ್ತು," ಎಂದ ಕೀರ್ತಿರಾಜ. "ಅದ್ನ ಹೊತ್ಕೊಂಡು ನೀನು ಇಲ್ಲಿ ಮಲ್ಗೋದಕ್ಕಿಂತ ನನ್ ಮೇಲೆ ಸಿಟ್ಟಾಗಿರ್ಲಿ ಅನ್ನಿಸ್ತು."

ಅವಳು ಅಳಲಿಲ್ಲ. ಅವನ ಕೈ ಹಿಡಿದು ಸ್ವಲ್ಪ ಹೊತ್ತು ಕೂತು, ಬಿಟ್ಟಳು. ಆಮೇಲೆ ಬಲಗಾಲಿನ ಮೇಲಿದ್ದ ಹೊದಿಕೆ ಸರಿಸಿದಳು. ಆಸ್ಪತ್ರೆಯವರು ಕೊಟ್ಟ ಮೊಣಕಾಲಿನ ಕವಚ ಪಕ್ಕದಲ್ಲೇ ಬಿದ್ದಿತ್ತು. ತೊಟ್ಟು ನಡೆಯಬೇಕೆಂದು ಹೇಳಿ ಆರು ವಾರವಾಗಿದ್ದರೂ ಅವಳು ಅದನ್ನು ಮುಟ್ಟಿರಲಿಲ್ಲ. ಈಗ ಅದನ್ನು ಕಾಲಿಗೆ ಸುತ್ತಿಕೊಂಡು, ಪಟ್ಟಿಗಳನ್ನು ಹಾಗೇ ಬಿಟ್ಟು, ಗೋಡೆಗೆ ಒರಗಿದ್ದ ತಂದೆಯ ಕಡೆ ನೋಡಿದಳು.

"ಅಪ್ಪ, ಇಲ್ಲಿ ಬಾ. ಇದನ್ನ ಕಟ್ಟು."

"ನಾ ಮುಟ್ಟಕಿಲ್ಲ ಕಣವ್ವ. ಈ ಕೈಲಿ ಇನ್ನೇನೂ ಮುಟ್ಟಕಿಲ್ಲ."

ಅವಳು ಕಾಲು ಚಾಚಿಯೇ ಇದ್ದಳು. ಬೇರೆ ಯಾರೂ ಮುಂದೆ ಬರಬಾರದೆಂದು ಒಂದು ಕೈ ಅಡ್ಡ ಹಿಡಿದಿದ್ದಳು. ಕೊನೆಗೆ ಮಂಚಯ್ಯ ಬಂದು ನೆಲದ ಮೇಲೆ ಕೂತು, ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು, ಮೈಗೆ ತಾಗಿದ್ದೂ ಗೊತ್ತಾಗದಷ್ಟು ಹಗುರಾಗಿ ಎಳೆದು ಬಿಟ್ಟರು.

"ಇದು ನಿಲ್ಲಲ್ಲ. ಬಿಗಿ ಮಾಡು."

"ನೋವಾಯ್ತದೆ."

"ಆಗ್ಲಿ ಅಪ್ಪ. ಇದು ಸಡ್ಲ ಇದ್ರೆ ನಾನು ನಡೆಯೋಕಾಗಲ್ಲ."

ಮಂಚಯ್ಯ ಪಟ್ಟಿಯನ್ನು ಎಳೆದು ಬಿಗಿದರು. ಅವಳು ಹಲ್ಲು ಕಚ್ಚಿಕೊಂಡು, ತಂದೆಯ ಹೆಗಲು ಹಿಡಿದು ಎದ್ದು ನಿಂತಳು.